ಮೂರು ಸಂದರ್ಶನ, ಒಬ್ಬರು ಮೇಡಂ

ನಾನು ಪಾಠ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಿ ನಗೋದಕ್ಕೆ ಬೇರೆ ಏರ್ಪಾಡು ಬೇಕಿರಲಿಲ್ಲ. ಆಗಾಗ ಒಂದು ಬಡ್ತಿ ಸಂದರ್ಶನ ನಡೆದರೆ ಸಾಕಿತ್ತು. ನಿವೃತ್ತನಾಗಿ ಜಯನಗರದ ಪಾರ್ಕಿನ ಬೆಂಚು ಸೇರಿದ ಮೇಲೂ ನೆನೆಸಿಕೊಂಡು ಒಬ್ಬನೇ ನಗ್ತಿರ್ತೀನಿ. ವಾಕಿಂಗ್ ಬರೋರು ಈಗೀಗ ಸ್ವಲ್ಪ ದೂರದಿಂದಲೇ ಸುತ್ತು ಹಾಕ್ತಾರೆ.

೧. ನನಗೊಂದು, ಅವರಿಗೊಂದು

ನಾನೂ ನಮ್ಮ ವಿಭಾಗದ ಮೇಡಂ ಒಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿದವರು, ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೂ ಒಂದೇ ದಿನ ಹೋದೆವು. ಅವರ ಸಂಶೋಧನಾ ಲೇಖನಗಳನ್ನು ಹೊರೋಕೆ ಎರಡು ಕೈ ಬೇಕು. ನನ್ನವು ಅಂಗಿ ಜೇಬಲ್ಲಿ ಹಿಡಿಸ್ತಿದ್ದವು.

ಸಮಿತಿಯೋರು ನನ್ನನ್ನು ಕೇಳಿದ್ದು, "ಮನೆ ಎಲ್ಲಿ?"

"ಜಯನಗರ ಫೋರ್ತ್ ಬ್ಲಾಕ್, ಸಾರ್."

"ಅಯ್ಯೋ, ಪಾರ್ಕಿಂಗ್ ಕಷ್ಟ ಕಣ್ರೀ!" ಅಂದರು. ನಾನು ಪ್ರೊಫೆಸರ್ ಆದೆ.

ಮೇಡಂಗೆ ಮುಕ್ಕಾಲು ಗಂಟೆ. ಕೊನೆಗೆ, "ಮಗುಗೆ ಜ್ವರ ಬಂದ್ರೆ ಯಾರಮ್ಮಾ ನೋಡೋದು?"

"ಡಾಕ್ಟ್ರು, ಸಾರ್."

ಆ ವರ್ಷ ಅವರಿಗೆ ಬಡ್ತಿ ಸಿಗಲಿಲ್ಲ.

೨. ಬರೀ ಕೈ

ಮುಂದಿನ ಸಲ, "ಆಡಳಿತದ ಅನುಭವಕ್ಕೆ ಪುರಾವೆ ಕೊಡಿ" ಅಂದರು. ನಮ್ಮಲ್ಲಿ ಪ್ರತಿ ವಿಚಾರ ಸಂಕಿರಣಕ್ಕೂ ಅತಿಥಿ, ಹಾಲ್, ಊಟ, ಹಾರ ಎಲ್ಲವೂ ಮೇಡಂ ಕೆಲಸ. ಕಾಗದದಲ್ಲಿ ಸಂಚಾಲಕ ಮಾತ್ರ ನಾನು. ಫೋಟೋದಲ್ಲೂ ನಾನೇ ದೀಪ ಹಚ್ಚುತ್ತಿದ್ದೇನೆ. ಪಕ್ಕದಿಂದ ಮೇಣದ ಬತ್ತಿ ಕೊಡುವ ಒಂದು ಕೈ, ಅಷ್ಟೇ. ಮೇಡಂ ಅದಕ್ಕೆ ಕೆಂಪು ಬಾಣ ಹಾಕಿ "ಈ ಕೈ ನನ್ನದು" ಅಂತ ಬರೆದು ಲಗತ್ತಿಸಿದರು.

"ಮುಖ ಕಾಣುತ್ತಿಲ್ಲ" ಅಂತ ವಾಪಸ್ ಬಂತು.

ಪಾಪಪ್ರಜ್ಞೆ ತಡೆಯದೆ, ಕೈ ಅವರದೇ ಅಂತ ನಾನು ಬರೆದುಕೊಟ್ಟೆ. "ಅಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತು?" ಅಂತ ಸಮಿತಿ ಕೇಳಿತು.

ಮನೇಲಿ ಹೆಂಡತಿಯೂ ಅದನ್ನೇ ಕೇಳಿದಳು.

೩. ಏನೂ ಮಾಡದ ದಿನ

ಮೂರನೇದು ಕೊನೆಯ ಅವಕಾಶ. ಈ ಸಲವೂ ತಪ್ಪಿದರೆ ಮೇಡಂ ಪ್ರೊಫೆಸರ್ ಆಗದೆಯೇ ನಿವೃತ್ತರಾಗಬೇಕು. ಆಗ ವಿಭಾಗದ ಮುಖ್ಯಸ್ಥ ನಾನೇ. ಹಿಂದಿನ ದಿನ ಅಭ್ಯಾಸಬಲದಿಂದ ಕೇಳಿಬಿಟ್ಟೆ: "ಮೇಡಂ, ನಾಳೆ ಸಮಿತಿಯೋರಿಗೆ ಊಟ, ಕಾರು..."

"ನಾಳೆ ನಾನು ಅಭ್ಯರ್ಥಿ, ಸಾರ್. ನೀವೇ ನೋಡ್ಕೊಳ್ಳಿ."

ಗಂಡಸರು ನಾಲ್ಕು ಜನ ಇದ್ದೆವಲ್ಲ, ಏನು ಮಹಾ ಅಂದುಕೊಂಡೆ. ಬೆಳಿಗ್ಗೆ ಸಮಿತಿಯ ತಜ್ಞರು ಗಿರಿನಗರದಲ್ಲಿ ಕಾಯುತ್ತಿದ್ದರು. ನಾನು ಕಳಿಸಿದ ಕಾರು ಹುಳಿಮಾವಿನಲ್ಲಿ ಅವರನ್ನು ಹುಡುಕುತ್ತಿತ್ತು. ನಮ್ಮಲ್ಲೊಬ್ಬರು ಹಾಲ್ ಬೀಗದ ಕೈಯನ್ನು ಹಾಲ್ ಒಳಗೇ ಇಟ್ಟು ಬಾಗಿಲು ಎಳೆದುಕೊಂಡಿದ್ದರು. ಊಟಕ್ಕೆ ಇವರು ಹೇಳಿರ್ತಾರೆ ಅಂತ ಅವರು, ಅವರು ಹೇಳಿರ್ತಾರೆ ಅಂತ ಇವರು. ಹತ್ತಕ್ಕೆ ಶುರುವಾಗಬೇಕಾದ್ದು ಎರಡಕ್ಕೆ ಶುರುವಾಯ್ತು, ಕಾಫಿಯೂ ಇಲ್ಲದೆ.

ಮುಖ್ಯಸ್ಥನಾಗಿ ನಾನೂ ಸಮಿತಿಯಲ್ಲಿ ಕೂತಿದ್ದೆ. ಹಸಿದ ಅಧ್ಯಕ್ಷರು ಮೇಡಂ ಅವರನ್ನು ಕೇಳಿದರು: "ಆಡಳಿತದಲ್ಲಿ ನೀವು ಏನು ಮಾಡಿದ್ದೀರಿ?"

"ಇವತ್ತೊಂದು ದಿನ ಏನೂ ಮಾಡಿಲ್ಲ, ಸಾರ್."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಫ್ಯಾನ್ ಕಡೆ ನೋಡಿದೆ. ಅಲ್ಲೇ ಆಯ್ಕೆ ಪತ್ರಕ್ಕೆ ಸಹಿ ಬಿತ್ತು.

"ಕಂಗ್ರಾಟ್ಸ್, ಪ್ರೊಫೆಸರ್!" ಅಂತ ಕೈ ಕುಲುಕಿ, ಅಧ್ಯಕ್ಷರು ದನಿ ತಗ್ಗಿಸಿದರು: "ಇನ್ನಾದ್ರೂ ಹೇಳಿ ಮೇಡಂ, ಈ ಹೊತ್ತಲ್ಲಿ ಇಲ್ಲಿ ಊಟ ಎಲ್ಲಿ ಸಿಗುತ್ತೆ?"

ಮೇಡಂ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಪ್ರೊಫೆಸರ್‌ಗಳಿಗೆ ಅದೆಲ್ಲ ಎಲ್ಲಿ ಗೊತ್ತಿರುತ್ತೆ, ಸಾರ್?"