ಖಂಡಪ್ಪನ ತಲೆಗೆ ಹದಿನಾರು ವೈರು

ಏಣಿಯಿಂದ ಬಿದ್ದದ್ದೇನೂ ದೊಡ್ಡದಲ್ಲ. "ಕಣ್ಣಿಗೆ ಕತ್ತಲಿ ಬಂತ್ರೀ" ಎಂದು ಬಾಯಿಬಿಟ್ಟನಲ್ಲ, ಅದೇ ಖಂಡಪ್ಪ ಮಾಡಿಕೊಂಡ ಎಡವಟ್ಟು. ಗಿರಣಿಯಲ್ಲಿ ಇಪ್ಪತ್ತು ವರ್ಷದಿಂದ ವೈರ್‌ಮನ್ ಅವನು. ಆದರೂ ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿಬಿಟ್ಟ: "ತಲೆ ಸರಿ ಇದೆ ಅಂತ ಡಾಕ್ಟರ ಚೀಟಿ ತಾ. ಇಲ್ಲದಿದ್ದರೆ ಮನೆಗೆ ನಡಿ."

ಅವನಿದ್ದ ವಡಾಲದ ಚಾಳಿನಲ್ಲಿ ಪಕ್ಕದ ಖೋಲಿಯ ಬಂಡೆಪ್ಪ ಮರುದಿನ ಬೆಳಿಗ್ಗೆಯೇ ಹಾಜರು.

"ದವಾಖಾನ್ಯಾಗ ತಲಿಗೆ ಹದಿನಾರು ವೈರ್ ಹಚ್ಚತಾರಂತ. ಆಮ್ಯಾಲ ಸ್ವಿಚ್ ಒತ್ತತಾರ. ಮುಂದಿಂದು ನಿನಗ ನಾ ಹೇಳಬೇಕೇನೋ?"

ಹೇಳಬೇಕಾಗಿರಲಿಲ್ಲ. ಬೆರಳಿಗೆ ಕರೆಂಟು ತಾಕಿದರೇ ಏನಾಗುತ್ತದೆಂದು ಬಲ್ಲವನು, ಪಾಪ, ತಲೆಗೆ ಹೇಗೆ ಒಪ್ಪಿಯಾನು? ಹೆಂಡತಿ ಸುಂದ್ರವ್ವ ರಟ್ಟೆ ಹಿಡಿದು ಎಳಕೊಂಡೇ ಆಸ್ಪತ್ರೆಗೆ ಬಂದಳು.

ಡಾಕ್ಟರ್ ರಮಾನಾಥ ಉಡುಪಿ ಕಡೆಯವರು. "ಹೆದರ್ಬೇಡಿ ಮಾರಾಯ್ರೆ. ಮೆದುಳಿನೊಳಗೂ ವೈರಿಂಗ್ ಉಂಟು. ತಂತಿ ಎಳೆದ ದಾರಿಯಲ್ಲೇ ಅಲ್ವಾ ಕರೆಂಟ್ ಹೋಗುವುದು? ಮೆದುಳಿನ ಆ ಕರೆಂಟನ್ನು ಈ ಮಿಷನ್ ಕಾಗದದಲ್ಲಿ ಬರೀತದೆ, ಅಷ್ಟೆ. ಹೊರಗೆ ಕೂತಿರಿ, ಕರೀತೇನೆ."

ಖಂಡಪ್ಪನ ಕಿವಿಗೆ ಬಿದ್ದದ್ದು ಕರೆಂಟ್ ಒಂದೇ. "ಒಂದಕ್ಕ ಹೋಗಿ ಬರ್ತೀನಿ" ಎಂದು ಹೆಂಡತಿಗೆ ಹೇಳಿ ವರಾಂಡದ ತುದಿಗೆ ಹೋದ. ಅಲ್ಲಿ ಫ್ಯೂಸಿನ ಪೆಟ್ಟಿಗೆ. ಡಾಕ್ಟರ ಕೋಣೆಯದೊಂದು ಫ್ಯೂಸು ಕಿತ್ತು ಕಿಸೆಗಿಟ್ಟು, ಬಂದು ಬೆಂಚಿನ ಮೇಲೆ ಕುಳಿತ.

"ಅರೆ, ಕರೆಂಟ್ ಹೋಯ್ತು!" ಒಳಗಿನಿಂದ ಡಾಕ್ಟರು ಕೂಗಿದರು. "ವೈರ್‌ಮನ್!"

"ಬಂದೇ ಸಾಬ್!"

ಅಯ್ಯೋ ದೇವರೇ, ಹಾಗೆಂದು ಎದ್ದು ಓಡಿದವನು ಖಂಡಪ್ಪನೇ! ಇಪ್ಪತ್ತು ವರ್ಷ ಆ ಕೂಗಿಗೆ ಓಡಿದ ಕಾಲುಗಳು. ಬುದ್ಧಿ 'ಬ್ಯಾಡೋ' ಅನ್ನುವಷ್ಟರಲ್ಲಿ ಕೈ ಫ್ಯೂಸು ಕೂರಿಸಿ ಆಗಿತ್ತು.

ಇನ್ನೇನು ಉಳಿಯಿತು? ಕುರ್ಚಿ, ಹದಿನಾರು ವೈರು. "ಸುಂದ್ರಾ, ಹುಡುಗರ ಸಾಲಿ ಬಿಡಸಬ್ಯಾಡ" ಎಂದು ಅಳುತ್ತ ಕಣ್ಣು ಮುಚ್ಚಿದ. ಸ್ವಿಚ್ ಒತ್ತಿದರು. ಕಾಗದದ ಮೇಲೆ ಪೆನ್ನುಗಳು ಕರಕರ ಎಂದವು. ಬಹಳ ಹೊತ್ತಾಯಿತು. ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ.

"ಗೆರೆಯೆಲ್ಲ ಚಂದ ಉಂಟು. ನಾಳೆಯೇ ಕೆಲಸಕ್ಕೆ ಹೋಗಿ" ಎಂದು ಡಾಕ್ಟರು ಚೀಟಿ ಬರೆಯತೊಡಗಿದರು.

ಖಂಡಪ್ಪನ ಖುಷಿ ತಡೆಯುವವರಿಲ್ಲ. "ಸುಮ್ಮಸುಮ್ಮನ ಅಂಜಿದ್ನಲ್ರೀ ಸಾಹೇಬ್ರ! ಆ ಫ್ಯೂಸ್ ಕಿತ್ತಾಂವ ನಾನ ರೀ!"

ಪೆನ್ನು ನಿಂತಿತು. "ನೀವಾ? ಮತ್ತೆ ಹಾಕಿದ್ದು?"

"ಅದೂ ನಾನ ರೀ! ಹಾಕಬಾರದಂತನ ಇದ್ದೆ. ಕೈಕಾಲು ನನ್ನ ಮಾತು ಕೇಳಲಿಲ್ಲ. ಎದ್ದದ್ದೂ ಗೊತ್ತಿಲ್ಲ, ಹಾಕಿದ್ದೂ ಗೊತ್ತಿಲ್ಲ!"

ಡಾಕ್ಟರು ಅವನ ಮುಖವನ್ನೇ ನೋಡಿದರು. ಆಮೇಲೆ ಚೀಟಿಯನ್ನು ಮೆಲ್ಲನೆ ಹರಿದರು.

"ಸಿಸ್ಟರ್, ಇವರನ್ನು ಅಡ್ಮಿಟ್ ಮಾಡಿ. ಎಂಟು ದಿನ, ದಿನಕ್ಕೆರಡು ಸಲ ವೈರ್ ಹಚ್ಚಿ ನೋಡ್ಬೇಕು."