ಬರ್ತೀನಿ ಅಂದ ಚಿಕ್ಕತ್ತೆ

ನಮ್ಮ ಚಿಕ್ಕತ್ತೆ ಈ ಕಡೆ ತಿರುಪತಿ, ಆ ಕಡೆ ಶ್ರೀರಂಗಪಟ್ಟಣ ಬಿಟ್ಟು ಆಚೆ ಕಾಲಿಟ್ಟವರಲ್ಲ. ಪಾಸ್‌ಪೋರ್ಟ್ ಇಲ್ಲ. ಸ್ವೆಟರ್ ಕೂಡ ಒಂದೇ. ಹೀಗಿದ್ದೂ ಕಳೆದ ಕಾರ್ತಿಕದಲ್ಲಿ, ಹಿಮ ಬೀಳುವ ಒಂದು ದೇಶದಲ್ಲಿ, ಒಬ್ಬ ಪ್ರೊಫೆಸರಮ್ಮ ಇವರಿಗೋಸ್ಕರ ಮಹಡಿಯ ಕೋಣೆ ಗುಡಿಸಿ, ಹಾಸಿಗೆಗೆ ಒಗೆದ ಹೊದಿಕೆ ಹಾಸಿ ಕಾದಿದ್ದರು. ಇದಕ್ಕೆಲ್ಲ ಕಾರಣ ಕನ್ನಡದ ಒಂದೇ ಒಂದು ಪದ. ಅದು ಮೇಲೆ ತಲೆಬರಹದಲ್ಲೇ ಕೂತಿದೆ. ಆದರೆ ಮೊದಲು ಚಿಕ್ಕತ್ತೆಯ ಪರಿಚಯ ಆಗಬೇಕು. ಇಲ್ಲದಿದ್ದರೆ ತಪ್ಪೆಲ್ಲ ಪದದ್ದೇ ಅಂದುಕೊಂಡುಬಿಡುತ್ತೀರಿ.

ಚಿಕ್ಕತ್ತೆ ಅಂದರೆ ನಮ್ಮ ಅತ್ತೆಯವರ ತಂಗಿ. ಅತ್ತೆಯವರು ದೇವರ ಪಾದ ಸೇರಿದ್ದಾರೆ. ಚಿಕ್ಕಮಾವನವರೂ ಹೋದ ಮೇಲೆ ಚಿಕ್ಕತ್ತೆ ಹನುಮಂತನಗರದ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದರು. ಅರವತ್ತೈದು ದಾಟಿದ ಮೇಲೆ ಜನ ಮಂಡಿ ನೋವಿನ ಡಾಕ್ಟರ ಹತ್ತಿರ ಹೆಸರು ಬರೆಸುತ್ತಾರೆ. ಇವರು ದೂರಶಿಕ್ಷಣದಲ್ಲಿ ಇತಿಹಾಸದ ಬಿ.ಎ.ಗೆ ಹೆಸರು ಬರೆಸಿದರು.

ನನ್ನ ಯಜಮಾನರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇರೆ ಇರಲಿಲ್ಲ. ದಿನಾ ಕಾಫಿ ಹೊತ್ತಿಗೆ ಒಂದೇ ಪ್ರಶ್ನೆ. "ಚಿಕ್ಕಮ್ಮ, ಕಾಲೇಜಿಗೆ ಯಾಕಿಷ್ಟು ಲೇಟು?"

ಚಿಕ್ಕತ್ತೆಯದೂ ಒಂದೇ ಉತ್ತರ. "ದಾರೀಲಿ ಸ್ವಲ್ಪ ಕೆಲಸ ಇತ್ತು ಕಣೋ."

ಕೊನೆಯ ವರ್ಷದಲ್ಲಿ ಅವರ ಮೇಡಂ, ನನಗಿಂತ ಚಿಕ್ಕ ವಯಸ್ಸಿನ ಹುಡುಗಿ, ಒಂದು ಕೆಲಸ ಹಚ್ಚಿದರು. ದೇಶವಿದೇಶದ ಇತಿಹಾಸ ಪಂಡಿತರು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುವ ಒಂದು ಚರ್ಚಾ ವೇದಿಕೆ ಇದೆಯಂತೆ. ವಿದ್ಯಾರ್ಥಿಗಳು ಅದಕ್ಕೆ ಸೇರಬೇಕು. ಮೊದಲು ಕೆಲವು ವಾರ ಸುಮ್ಮನೆ ಓದಿಕೊಂಡಿರಬೇಕು. ಆಮೇಲೆ ಒಂದೇ ಒಂದು ಒಳ್ಳೆಯ ಪ್ರಶ್ನೆ ಕೇಳಿ, ಬಂದ ಉತ್ತರಗಳ ಮೇಲೆ ವರದಿ ಬರೆಯಬೇಕು. ತಮ್ಮ ಹೋಂವರ್ಕನ್ನು ಪಂಡಿತರ ಕೈಯಲ್ಲಿ ಮಾಡಿಸಬಾರದು. ವರದಿ ಕೊಡದವರಿಗೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಯಾರು ಯಾವ ಭಾಷೆಯಲ್ಲಿ ಬರೆದರೂ, ಒಂದು ಗುಂಡಿ ಒತ್ತಿದರೆ ಅವರವರ ಭಾಷೆಯಲ್ಲಿ ಕಾಣುವ ಏರ್ಪಾಡೂ ಅಲ್ಲಿತ್ತು. ವಿಜ್ಞಾನ ಎಷ್ಟು ಮುಂದುವರಿದಿದೆ ಅಂತ ನಾನೂ ಆಗ ಕೈ ಮುಗಿದಿದ್ದೆ. ಅವಸರಪಟ್ಟೆ.

ಸುಮ್ಮನೆ ಓದಿಕೊಂಡಿರುವುದು ಚಿಕ್ಕತ್ತೆಗೆ ಸರಿಬೀಳಲಿಲ್ಲ. "ನಾಲ್ಕು ಜನ ಮಾತಾಡ್ತಿರೋ ಕಡೆ ಬಾಗಿಲ ಸಂದೀಲಿ ನಿಂತ್ಕೊಂಡು ಕೇಳಿಸ್ಕೊಳ್ಳೋದೇನೇ? ನಮ್ಮ ವಂಶದಲ್ಲಿ ಆ ಅಭ್ಯಾಸ ಇಲ್ಲ."

ಇದೆ ಅಂತ ನನಗೆ ಗೊತ್ತು. ಆದರೆ ಸೊಸೆಯಾದವಳು ಎಲ್ಲದಕ್ಕೂ ಬಾಯಿ ಹಾಕಬಾರದು.

ಅವರಿಗೆ ಫೋನಿನಲ್ಲಿ ಬೆರಳಾಡಿಸುವುದು ಕಷ್ಟ. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಅಂತ ನಾನೇ ತೋರಿಸಿಕೊಟ್ಟೆ. ಮೊದಲ ಪತ್ರವನ್ನು ಹಜಾರದ ಕಿಟಕಿಯ ಹತ್ತಿರ ನಿಂತು, ಹಿಂದಿನ ಕಾಲದ ಟ್ರಂಕ್ ಕಾಲ್ ಮಾಡುವವರ ಹಾಗೆ ಕೂಗಿ ಹೇಳಿದರು. "ಎಲ್ಲರಿಗೂ ನಮಸ್ಕಾರ. ನಾನು ಹನುಮಂತನಗರದಿಂದ. ಎಲ್ಲರದೂ ಊಟ ಆಯ್ತಾ? ಬರ್ತೀನಿ." ಅಷ್ಟರಲ್ಲಿ ಬೀದಿಯಲ್ಲಿ ಸೊಪ್ಪಿನವಳು ಬಂದಳು. ಫೋನಿಗೆ ಭೇದಭಾವ ಇಲ್ಲ, ಅವಳದ್ದನ್ನೂ ಬರೆದುಕೊಂಡಿತು. ಮಾರನೆಯ ದಿನ ಒಬ್ಬ ಪಂಡಿತರು, ದಂಟು, ಸಬ್ಬಸಿಗೆ, ಮೆಂತ್ಯ ಎಂಬ ಈ ಸಾಲು ಯಾವ ಶಾಸನದ್ದು ಅಂತ ಕೇಳಿದ್ದರು. ಸೊಪ್ಪಿನವಳು ಅವತ್ತು ರೇಟು ಕೂಗಿರಲಿಲ್ಲ. ಅಷ್ಟರ ಮಟ್ಟಿಗೆ ರಾಯರ ದಯೆ.

ಆ ದಿನಗಳಲ್ಲಿ ವೇದಿಕೆಯಲ್ಲಿ ಒಂದು ದೊಡ್ಡ ಜಗಳ ನಡೆಯುತ್ತಿತ್ತು. ಯಾವುದೋ ಕಲ್ಲಿನ ಶಾಸನ ಹನ್ನೆರಡನೇ ಶತಮಾನದ್ದು ಅಂತ ಒಬ್ಬರು, ಅಲ್ಲ, ಹದಿಮೂರನೆಯದು ಅಂತ ಇನ್ನೊಬ್ಬರು. ಇಬ್ಬರೂ ಹೆಸರುವಾಸಿಗಳು. ಚಿಕ್ಕತ್ತೆ ಎಷ್ಟೋ ಮದುವೆ ಮನೆಗಳಲ್ಲಿ ಬೀಗರ ಜಗಳ ಬಿಡಿಸಿದವರು. ಇದನ್ನು ನೋಡಿಕೊಂಡು ಸುಮ್ಮನಿರುತ್ತಾರೆಯೇ? ಬರೆದರು: "ಇಬ್ಬರೂ ದೊಡ್ಡವರು. ಸ್ವಲ್ಪ ಸ್ವಲ್ಪ ಬಿಟ್ಟುಕೊಡಿ. ಹನ್ನೆರಡರ ಕೊನೆ ಅಂತ ಇಟ್ಟುಕೊಳ್ಳಿ, ಯಾರಿಗೂ ಬೇಜಾರಿಲ್ಲ. ಬರ್ತೀನಿ."

ಫಲ ಸಿಕ್ಕಿತು. ಆ ಇಬ್ಬರೂ ಮೊಟ್ಟಮೊದಲ ಸಲ ಒಂದು ವಿಷಯದಲ್ಲಿ ಒಪ್ಪಿದರು. ಈಯಮ್ಮ ಹೇಳಿದ್ದು ತಪ್ಪು ಅಂತ.

"ಒಟ್ಟಿಗೆ ಬಂದರಲ್ಲ, ಅಷ್ಟು ಸಾಕು" ಅಂದರು ಚಿಕ್ಕತ್ತೆ.

ಆದರೆ ಹದಿಮೂರನೇ ಶತಮಾನದವರು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: "ತಾವು ಬರುವ ವಾರ ನಾನು ಊರಿನಲ್ಲಿ ಇರುವುದಿಲ್ಲ." ಹನ್ನೆರಡರವರು ಸ್ವಲ್ಪ ಖಾರವಾಗಿ, "ಯಾವ ಉದ್ದೇಶದಿಂದ ಬರುತ್ತಿದ್ದೀರಿ?" ಅಂತ ಕೇಳಿದ್ದರು. ಅದರ ಕೆಳಗೇ ಹಿಮದ ದೇಶದ ಪ್ರೊಫೆಸರಮ್ಮನ ಪತ್ರ. "ಖಂಡಿತ ಬನ್ನಿ. ಕೋಣೆ ಸಿದ್ಧವಾಗಿದೆ. ಮೆಟ್ಟಿಲು ಹತ್ತಲು ಮಂಡಿಗೆ ತೊಂದರೆ ಇಲ್ಲ ತಾನೆ?"

ಯಜಮಾನರು ಗುಂಡಿ ಒತ್ತಿ ಚಿಕ್ಕತ್ತೆಯ ಪತ್ರವನ್ನು ಇಂಗ್ಲಿಷಿನಲ್ಲಿ ನೋಡಿದರು. ಆಮೇಲೆ ಸೋಫಾದ ಮೇಲೆ ಕೂತುಕೊಂಡರು. "ಚಿಕ್ಕಮ್ಮ, ನೀವು ಬರೆದ ಒಂದೊಂದು ಕಾಗದದ ಕೊನೇಲೂ 'ನಾನು ಬರುತ್ತಿದ್ದೇನೆ' ಅಂತ ಇದೆ. ಜಗಳ ನಿಲ್ಲಿಸಿ ಅಂತ ಹೇಳಿ, ಕೆಳಗೆ ನಾನು ಬರ್ತಿದೀನಿ ಅಂದ್ರೆ ಅವರಿಗೆ ಹೇಗಾಗಿರಬೇಡ? ರೌಡಿಗಳು ಹಾಗೆ ಹೇಳೋದು."

"ಮತ್ತೆ ಎದ್ದು ಬರೋವಾಗ ಏನು ಹೇಳ್ಬೇಕೋ? ಹೇಳದೇ ಕೇಳದೇ ಎದ್ದು ಬರ್ಲಾ?"

ಯೋಚಿಸಿದರೆ ಅವರ ತಪ್ಪೇನಿದೆ? ನಮ್ಮಲ್ಲಿ ಬರುವವರು ಬಾಗಿಲು ತಟ್ಟುತ್ತಾರೆ, ಹೋಗುವವರು ಬರ್ತೀನಿ ಅನ್ನುತ್ತಾರೆ. ಪಾಪ, ಯಂತ್ರಕ್ಕೆ ಇದನ್ನೆಲ್ಲ ಹೇಳಿಕೊಡಲು ಅಜ್ಜಿ ಎಲ್ಲಿದ್ದಾಳೆ?

ಸಂಜೆಯೊಳಗೆ ವೇದಿಕೆಯ ನಿರ್ವಾಹಕರ ಎಚ್ಚರಿಕೆ ಬಂತು. ಇದು ವಿದ್ವತ್ತಿನ ಜಾಗ, ಪ್ರವಾಸದ ಏರ್ಪಾಡು ಇಲ್ಲಿ ಬೇಡ. ಇನ್ನೊಮ್ಮೆ 'ಬರುತ್ತಿದ್ದೇನೆ' ಎಂದು ಬರೆದರೆ ಸದಸ್ಯತ್ವ ರದ್ದು. ಅಂದರೆ ಪ್ರಶ್ನೆ ಇಲ್ಲ, ವರದಿ ಇಲ್ಲ, ಪರೀಕ್ಷೆ ಇಲ್ಲ, ಬಿ.ಎ. ಇಲ್ಲ. ಚಿಕ್ಕತ್ತೆ ಓದಿ ಮುಗಿಸಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ತುಂಬಾ ಹೊತ್ತು ಒರೆಸಿದರು.

ನಾನು ದೇವರಿಗೆ ದೀಪ ಹಚ್ಚಿ ಬಂದು ಸಮಾಧಾನ ಹೇಳಿದೆ. "ಚಿಕ್ಕತ್ತೆ, ಕ್ಷಮಾಪಣೆ ಕೇಳೋಣ. ಇನ್ನು ಮೇಲೆ ಕೊನೇಲಿ 'ಹೋಗ್ತೀನಿ' ಅಂತ ಹಾಕಿಬಿಡಿ. ಮಿಷನ್‌ಗೂ ಅರ್ಥ ಆಗುತ್ತೆ."

"ಅದೊಂದು ಮಾತ್ರ ನನ್ನ ಬಾಯಲ್ಲಿ ಬರಲ್ಲ."

"ಅಪಶಕುನ ಅಂತಾನಾ? ಫೋನಿನಲ್ಲಿ ಅದೆಲ್ಲ ಲೆಕ್ಕ ಇಲ್ಲ."

"ಪರೀಕ್ಷೆ ಹೋದ್ರೆ ಹೋಗಲಿ ಕಣೇ. ಹೋಗ್ತೀನಿ ಅನ್ನಲ್ಲ."

ಯಜಮಾನರು ಪೇಪರಿನ ಹಿಂದಿನಿಂದ, "ಇಷ್ಟು ವರ್ಷ ಡಿಗ್ರಿ ಇಲ್ದೆ ನಡೀಲಿಲ್ವಾ, ಬಿಡಿ ಚಿಕ್ಕಮ್ಮ" ಅಂದರು. ಚಿಕ್ಕತ್ತೆ ಅವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಫೋನು ತೆಗೆದುಕೊಂಡು ಹಿಂದಿನ ಕೋಣೆಗೆ ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಗುಡ್ಡದ ಮೇಲಿನ ಹನುಮಂತನಿಗೆ ನಮಸ್ಕಾರ ಹಾಕಿ ನಾನು ಮನೆಗೆ ಬರುವಷ್ಟರಲ್ಲಿ ಚಿಕ್ಕತ್ತೆ ಕ್ಷಮಾಪಣೆ ಕಳಿಸಿಯಾಗಿತ್ತು. ಸೊಪ್ಪಿನವಳು ಬರುವ ಹೊತ್ತಲ್ಲ, ದೇವರು ದೊಡ್ಡವನು. ಅದರಲ್ಲಿ ಇದ್ದದ್ದು ಇಷ್ಟು:

"ತಪ್ಪಾಯಿತು. ನಾನು ಯಾರ ಮನೆಗೂ ಬರುತ್ತಿರಲಿಲ್ಲ. ನಮ್ಮ ಕಡೆ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಹೋಗುವುದು ಹೇಗೂ ಕಣ್ಣಿಗೆ ಕಾಣುತ್ತದೆ, ಅದನ್ನು ಹೇಳುವುದೇನು? ತಿರುಗಿ ಬರುವುದೇ ಕಾಣದ್ದು, ಅದನ್ನು ಹೇಳಬೇಕು. ನಿಮ್ಮ ನಿಮ್ಮ ಊರಿನಲ್ಲಿ ಬಾಗಿಲ ಹತ್ತಿರ ಏನು ಹೇಳುತ್ತೀರಿ? ಹಿಂದೆ ಏನು ಹೇಳುತ್ತಿದ್ದರು?"

ಮಧ್ಯಾಹ್ನದ ಹುಳಿ ಕುದಿಯುವ ಹೊತ್ತಿಗೆ ಉತ್ತರಗಳು ಸುರುವಾದವು. ತಮಿಳಿನವರು ನಮ್ಮದೂ ಹಾಗೇ ಅಂದರು, ತೆಲುಗಿನವರೂ ಅಂದರು. ಮತ್ತೆ ನೋಡುವವರೆಗೆ ಅನ್ನುತ್ತೇವೆ ಅಂತ ಎಲ್ಲಿಯದೋ ದೇಶದವರು. ದೇವರ ಜೊತೆಗಿರಿ ಅನ್ನುತ್ತಿದ್ದೆವು, ಈಗ ಮರೆತಿದ್ದೇವೆ ಅಂತ ಇನ್ನೊಬ್ಬರು. ಹನ್ನೆರಡೂ ಹದಿಮೂರೂ ಜಗಳ ಬಿಟ್ಟು, ಬೀಳ್ಕೊಡುಗೆಯ ಮಾತು ಹಳೆಯ ಕಲ್ಲುಗಳಲ್ಲಿ ಎಲ್ಲಿ ಸಿಗಬಹುದು ಅಂತ ಒಟ್ಟಿಗೆ ಹುಡುಕತೊಡಗಿದರು. ಕೊನೆಗೆ ನಿರ್ವಾಹಕರೇ ಬರೆದರು. ಎಚ್ಚರಿಕೆ ವಾಪಸ್, ಮತ್ತು ಅವರ ಅಜ್ಜಿ ಬಾಗಿಲಲ್ಲಿ ಏನೂ ಹೇಳದೆ ಕಿಸೆಗೆ ಒಂದು ಸೇಬು ಹಾಕುತ್ತಿದ್ದರಂತೆ. ಪ್ರೊಫೆಸರಮ್ಮ ಮಾತ್ರ, ಕೋಣೆ ಹಾಗೇ ಇರಲಿ, ಯಾವಾಗಲಾದರೂ ಬನ್ನಿ ಅಂದರು.

ಆ ಉತ್ತರಗಳ ಮೇಲೆ ಚಿಕ್ಕತ್ತೆ ಬರೆದ ವರದಿಯನ್ನು ಮೇಡಂ ಇಡೀ ತರಗತಿಗೆ ಓದಿ ಹೇಳಿದರಂತೆ.

ಪರೀಕ್ಷೆಯ ದಿನ ನಾನು ದೇವರ ಮುಂದಿನ ಹೂವು ತಂದು ಚಿಕ್ಕತ್ತೆಗೆ ಮುಡಿಸಿದೆ. ಯಜಮಾನರು ಅಭ್ಯಾಸ ಬಲದಿಂದ, "ಅಲ್ಲ ಚಿಕ್ಕಮ್ಮ, ಆ ಪದಕ್ಕೆ ಯಾಕಷ್ಟು ಹಠ ಮಾಡಿದ್ರಿ?" ಅಂದರು.

ಚಿಕ್ಕತ್ತೆ ಚಪ್ಪಲಿ ಹುಡುಕುತ್ತಾ ಹೇಳಿದರು. "ಎರಡನೇ ವರ್ಷದ ಬಿ.ಎ.ಲಿದ್ದೆ. ನಮ್ಮಕ್ಕನಿಗೆ ದಿನ ತುಂಬಿತ್ತು. ಅಮ್ಮನಿಗೆ ಕೈಲಾಗ್ತಿರಲಿಲ್ಲ, ಬಾಣಂತನಕ್ಕೆ ನನ್ನನ್ನ ಕಾಲೇಜು ಬಿಡಿಸಿದ್ರು. ಗೇಟಿನ ಹತ್ರ ನಮ್ಮ ಇತಿಹಾಸದ ಮೇಡಂ ಸಿಕ್ಕಿದ್ರು. ಬರ್ತೀನಿ ಮೇಡಂ, ಅಂದೆ. ಬಾಮ್ಮ, ನಿನ್ನ ಜಾಗ ಹಾಗೇ ಇರುತ್ತೆ, ಅಂದ್ರು. ಆಮೇಲೆ ಅಮ್ಮ ಹಾಸಿಗೆ ಹಿಡಿದ್ರು, ಮದುವೆ ಆಯ್ತು. ಹೇಳಿದ ಮಾತು ಹಾಗೇ ಉಳ್ಕೊಂಡ್ತು ನೋಡು."

ನಮ್ಮ ಅತ್ತೆಯವರಿಗೆ ಇದ್ದದ್ದು ಒಂದೇ ಮಗು. ಅದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು ನನ್ನ ಎದುರಿಗೇ ನಿಂತಿತ್ತು.

"ನೀನಂತೂ ಹಗಲೆಲ್ಲ ಮಲಗ್ತಿದ್ದೆ, ರಾತ್ರಿಯೆಲ್ಲ ಅಳ್ತಿದ್ದೆ" ಅಂತ ಚಿಕ್ಕತ್ತೆ ಅದಕ್ಕೆ ಹೇಳಿದರು. "ಮಡಿಲಲ್ಲಿ ಹಾಕ್ಕೊಂಡು ಶಾತವಾಹನರ ಪಾಠ ಓದಿದ್ರೆ ಮಾತ್ರ ಸುಮ್ನಾಗ್ತಿದ್ದೆ."

ಯಜಮಾನರು ಲೋಟ ಕೆಳಗಿಟ್ಟರು. ಆಟೋ ಹತ್ತು ನಿಮಿಷದಲ್ಲಿ ಬರುವುದಿತ್ತು. ಅದನ್ನು ಬೇಡ ಅಂದು ಸ್ಕೂಟರಿನ ಬೀಗದ ಕೈ ತೆಗೆದುಕೊಂಡರು. "ಬನ್ನಿ ಚಿಕ್ಕಮ್ಮ. ಚಾಮರಾಜಪೇಟೆ ಟ್ರಾಫಿಕ್ಕು, ಲೇಟಾಗುತ್ತೆ."

"ಈಗೆಲ್ಲಿ ಲೇಟು ಬಿಡೋ."

ತುಂಬಿದ ಹಾಲಿನ ಪಾತ್ರೆ ಇಟ್ಟುಕೊಂಡವರ ಹಾಗೆ ಅವರು ಮೆಲ್ಲಗೆ ಗಾಡಿ ಬಿಟ್ಟರು. ಹಿಂದೆ ಕೂತಿದ್ದ ಚಿಕ್ಕತ್ತೆ ತಿರುಗಿ, "ಬರ್ತೀನಿ ಕಣೇ" ಅಂದರು.

"ಹೋಗಿ ಬನ್ನಿ" ಅಂದೆ. ಅವತ್ತು ಅವರು ತಿರುಗಿ ಬರುವವರೆಗೆ ನಾನು ಗೇಟಿನ ಚಿಲಕ ಹಾಕಲಿಲ್ಲ.