ಮೋಟಾರು ಕಟ್ಟುವವನ ಔಷಧಿ ಉಂಡಿ

ನನ್ನ ಗೆಳೆಯನ ಪ್ರಕಾರ ವಿಜಯಪುರದಲ್ಲಿ ಆರೋಗ್ಯವಂತರು ಅಂತ ಯಾರೂ ಇಲ್ಲ. ಇರುವುದು ಎರಡೇ ಬಗೆಯ ಜನ: ರೋಗ ಗೊತ್ತಾದವರು ಮತ್ತು ಇನ್ನೂ ಇವನ ಕೈಗೆ ಸಿಗದವರು. ಇದನ್ನು ಓದುತ್ತ ನೀವು ಒಂದು ಸಲ ಆಕಳಿಸಿದ್ದರೆ ಅದಕ್ಕೂ ಅವನ ಹತ್ತಿರ ಒಂದು ಕಾರಣವಿದೆ, ಒಂದು ಕಷಾಯವಿದೆ. ಅದನ್ನು ಕೂಡಲೇ ಬಂಧುಮಿತ್ರರಿಗೆಲ್ಲ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂಬ ಸೂಚನೆಯೂ ಇದೆ.

ಹಾಗಂತ ಅವನು ವೈದ್ಯನಲ್ಲ. ಸ್ಟೇಷನ್ ರಸ್ತೆಯಲ್ಲಿ ನನ್ನದು ಪಾತ್ರೆ ಮಾರುವ ಭಾಂಡೆ ಅಂಗಡಿ, ಪಕ್ಕದ್ದು ಅವನದು. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ಅವನ ಕಸುಬು. ಟಿಕೋಟಾ, ಬಬಲೇಶ್ವರ ಕಡೆಯ ರೈತರು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ರೈತ ಎಷ್ಟೇ ಆಣೆ ಮಾಡಿ ಹೇಳಲಿ, ಇವನು ಮೋಟಾರು ಬಿಚ್ಚಿ, ಮೀಟರ್ ಹಚ್ಚಿ ನೋಡುವ ತನಕ ಒಂದು ಅಕ್ಷರವನ್ನೂ ನಂಬುವುದಿಲ್ಲ. ಇಷ್ಟು ಅನುಮಾನದ ಮನುಷ್ಯ ಮೊಬೈಲಿನಲ್ಲಿ ಬಂದದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾನಲ್ಲ, ಯಾಕೆ? ಇದು ನನಗೆ ಇವತ್ತಿಗೂ ತಿಳಿದಿಲ್ಲ.

ಒಮ್ಮೆ ಮಮದಾಪುರದಿಂದ ಒಬ್ಬ ರೈತ ಬಂದ. ಬೆಳೆ ಒಣಗುತ್ತಿತ್ತು, ಪಾಪ, ಅವನಿಗೆ ಅವಸರ. ನನ್ನ ಗೆಳೆಯ ಮೋಟಾರಿನ ಕಡೆ ನೋಡಲೇ ಇಲ್ಲ. ರೈತನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ.

"ನಾಲಿಗಿ ತಗಿ."

ರೈತ ತೆಗೆದ. ಇವನು ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. "ಒಳಗ ಭಾಳ ಕಾವು ಐತಿ ನಿನಗ."

"ಅಣ್ಣಾರ, ಸುಟ್ಟಿದ್ದು ಮೋಟಾರ್ ರೀ, ನಾ ಅಲ್ಲ," ಅಂದ ಆ ರೈತ.

ಮೋಟಾರು ಅವತ್ತೇ ಸಂಜೆ ತಯಾರಾಯಿತು. ಜೊತೆಗೆ ಒಂದು ಪೊಟ್ಟಣ ಜೀರಿಗೆ, ಅದನ್ನು ಸೂರ್ಯನಿಗೆ ಮುಖ ಮಾಡಿ ಅಗಿಯಬೇಕೆಂಬ ಅಪ್ಪಣೆ.

ಇನ್ನು ನಮ್ಮ ಅಂಗಡಿಕಾರರ ವಾಟ್ಸಾಪ್ ಗುಂಪು. ಬೆಳಗ್ಗೆ ನಾನು ಶಟರ್ ಎತ್ತುವ ಮೊದಲೇ ಇವನ ಆರೋಗ್ಯವಾಣಿ ಬಂದು ಬಿದ್ದಿರುತ್ತದೆ. ತಾಮ್ರದ ತಂಬಿಗೆಯ ನೀರು ಕುಡಿದರೆ ಮೊಣಕಾಲು ನೋವು ಹೋಗುತ್ತದೆ ಎಂದು ಒಂದು ವಾರ ಕಳಿಸಿದ. ನನ್ನ ಅಂಗಡಿಯ ತಾಮ್ರದ ಸಾಮಾನೆಲ್ಲ ಖಾಲಿಯಾಯಿತು. ಆಗ ನಾನು ಏನಾದರೂ ಆಕ್ಷೇಪ ಎತ್ತಿದೆನೇ? ಇಲ್ಲ, ಚಹಾ ಕುಡಿಸಿದೆ. ಮರುವಾರ ಅಲ್ಯುಮಿನಿಯಂ ಪಾತ್ರೆ ವಿಷ ಎಂದು ಕಳಿಸಿದ. ಗಿರಾಕಿಗಳು ತಳ ಸೀದುಹೋದ ಪಾತ್ರೆಗಳನ್ನು ತಂದು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಇಟ್ಟು ವಾಪಸ್ ತಗೊಳ್ಳಿ ಎಂದು ನಿಂತರು. ವಿಜ್ಞಾನದ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಮಳೆಗಾಲದಲ್ಲಿ ನೆಗಡಿಯಾದಾಗ ಕಾಲುಚೀಲದೊಳಗೆ ಉಳ್ಳಾಗಡ್ಡಿಯ ಹೋಳು ಇಟ್ಟುಕೊಂಡು ಅಂಗಡಿಗೆ ಬಂದಿದ್ದ. ಪಾದದಿಂದ ರೋಗವನ್ನೆಲ್ಲ ಎಳೆದುಕೊಳ್ಳುತ್ತದಂತೆ. ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಘಮಘಮ. ಎದುರಿನ ಹೋಟೆಲಿನವನು ಬಂದು ಅವನ ಕಾಲನ್ನೇ ನೋಡುತ್ತ ನಿಂತ. "ಕಾಕಾ, ಚುರುಮರಿ ತರ್ಲೇನ್ರಿ? ಗಿರ್ಮಿಟ್ ಆಗ್ತೈತಿ."

ನಗುತ್ತಿದ್ದೆವು, ನಿಜ. ಆದರೆ ಎದುರು ಮಾತಾಡುತ್ತಿರಲಿಲ್ಲ. ಒಮ್ಮೆ ಔಷಧಿ ಅಂಗಡಿಯವರು ಗುಂಪಿನಲ್ಲಿ "ಇದಕ್ಕ ಆಧಾರ ಏನ್ರಿ?" ಎಂದು ಮರ್ಯಾದೆಯಿಂದಲೇ ಕೇಳಿದ್ದರು. ಅವನು ಗುಂಪು ಬಿಟ್ಟ, ಅಂಗಡಿ ಮುಚ್ಚಿದ, ಇಬ್ರಾಹಿಂಪುರದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ನಾವೆಲ್ಲ ಹೋಗಿ ಕೈಕಾಲು ಹಿಡಿದು ಎಬ್ಬಿಸಿ ತರಬೇಕಾಯಿತು. ಅಂದಿನಿಂದ ಅವನು ಏನು ಕಳಿಸಿದರೂ ಎಲ್ಲರದೂ ಕೈಮುಗಿಯುವ ಚಿತ್ರವೇ ಉತ್ತರ.

ನನಗೆ ಇನ್ನೊಂದು ಸಂಕಟವೂ ಇತ್ತು. ನನ್ನ ಹೆಂಡತಿಯ ಆಪರೇಷನ್ ದಿನ ಅವನು ಆಸ್ಪತ್ರೆಯ ಗೇಟಿನ ಹೊರಗೆ ಬೈಕಿನ ಮೇಲೆ ಬಿಸಿಲಲ್ಲಿ ಇಡೀ ದಿನ ಕೂತಿದ್ದ. ಒಳಗೆ ಬರಲಿಲ್ಲ. ಚಿಕ್ಕವನಿದ್ದಾಗ ತಾಯಿಯನ್ನು ದವಾಖಾನೆಯ ಒಳಗೆ ಕರೆದೊಯ್ದಿದ್ದನ್ನು ನೋಡಿದ್ದನಂತೆ, ಆಕೆ ನಡೆದುಕೊಂಡು ಹೊರಗೆ ಬರಲಿಲ್ಲ. ಆಮೇಲೆ ಅವನನ್ನು ಬೆಳೆಸಿದ್ದು ಅಕ್ಕ. ಇಂಥವನಿಗೆ ನೀನು ಹೇಳುವುದು ಸುಳ್ಳು ಅಂತ ಯಾವ ಬಾಯಲ್ಲಿ ಹೇಳಲಿ?

ಈ ವರ್ಷ ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ತಮ್ಮಂದಿರು ಹೋಗಿ ಅವರನ್ನು ತವರಿಗೆ ಕರೆತರಬೇಕು. ಬರಲಾಗದಿದ್ದರೆ ಉಂಡಿಯನ್ನಾದರೂ ಮುಟ್ಟಿಸಬೇಕು. ಅವನ ಅಕ್ಕ ಟಿಕೋಟಾದಲ್ಲಿದ್ದಳು. ಕಾಲಿಗೆ ಏನೋ ಗಾಯವಾಗಿದೆ, ಬರಲಾರೆ ಎಂದಿದ್ದಳು. ಇವನು ನನ್ನ ಅಂಗಡಿಯಿಂದಲೇ ದೊಡ್ಡದೊಂದು ಸ್ಟೀಲ್ ಡಬ್ಬಿ ಆರಿಸಿ, ಅದರ ತುಂಬ ಉಂಡಿ ಕಟ್ಟಿಸಿ, ನನ್ನನ್ನೂ ಬೈಕಿನ ಹಿಂದೆ ಕೂಡಿಸಿಕೊಂಡು ಹೊರಟ.

ದಾರಿಯಲ್ಲಿ ಹೆಮ್ಮೆಯಿಂದ ಹೇಳಿದ: "ಸಾದಾ ಉಂಡಿ ಅಲ್ಲಲೇ ಇವು. ಮೆಂತ್ಯೆ, ಬೇವು, ನೇರಳೆ ಬೀಜ, ಕರಿ ಬೆಲ್ಲ. ಅಕ್ಕಗ ಸಕ್ಕರಿ ಕಾಯಿಲೆ ಐತೆಲ್ಲ, ಯುಗಾದಿಯಿಂದ ಇವನ್ನ ಕೊಡಾಕತ್ತೇನಿ. ದಿನಾ ಮುಂಜಾನಿಗೊಂದು, ಸಂಜಿಗೊಂದು. ಗುಳಿಗಿ ಬಿಡಿಸಿಬಿಟ್ಟೇನಿ."

"ಸಕ್ಕರಿ ಕಾಯಿಲೆಗೆ ಬೆಲ್ಲ?"

"ಬೆಲ್ಲ ಸಕ್ಕರಿ ಅಲ್ಲಲೇ. ಅದು ಬ್ಯಾರೆ, ಇದು ಬ್ಯಾರೆ."

ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟಗಳು ಸರಿಯುತ್ತಿದ್ದವು. ನಾನು ಅವನ ಬೆನ್ನನ್ನೇ ನೋಡುತ್ತ ಕೂತಿದ್ದೆ.

ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಕಿರುಬೆರಳಿಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ದಳು. ಬಟ್ಟೆಯಂಚಿನ ಚರ್ಮ ಕಪ್ಪಗಾಗಿತ್ತು, ವಾಸನೆ ಬರುತ್ತಿತ್ತು. ಗೆಳೆಯ ಒಳಗೆ ನೀರು ಕುಡಿಯಲು ಹೋದಾಗ ನಾನು ಮೆಲ್ಲಗೆ ಕೇಳಿದೆ: "ಅಕ್ಕಾರ, ಉಂಡಿ ಖರೇನ ತಿನ್ನಾಕತ್ತೀರೇನ್ರಿ?"

"ತವರಿನ ಉಂಡಿ ಅಲ್ಲೇನೋ ಯಪ್ಪಾ. ತಿನ್ನದ ಹ್ಯಾಂಗ ಇರೂದು?" ಎಂದು ಹೊಸ ಡಬ್ಬಿಯನ್ನು ಹಣೆಗೆ ಮುಟ್ಟಿಸಿ ಪಕ್ಕಕ್ಕಿಟ್ಟುಕೊಂಡಳು.

ಬೇರೆ ಯಾರು ಕೊಟ್ಟಿದ್ದರೂ ಆಕೆ ಎರಡು ದಿನ ತಿಂದು ಬಿಡುತ್ತಿದ್ದಳು. ತವರಿನಿಂದ ಬಂದದ್ದು, ಅದೂ ತಾನೇ ಸಾಕಿದ ತಮ್ಮ ತಂದದ್ದು. ಅದು ಔಷಧಿ ಅಲ್ಲದಿದ್ದರೂ ಆಕೆ ತಿನ್ನುತ್ತಿದ್ದಳು. ಇನ್ನು ನಾನು ಸುಮ್ಮನಿದ್ದರೆ ಆ ಕಾಲು ಉಳಿಯುವುದಿಲ್ಲ ಅನ್ನಿಸಿತು. ಮಾತಾಡಿದರೆ ಗೆಳೆಯ ಉಳಿಯುವುದಿಲ್ಲ. ಊಟ ನನಗೆ ಸೇರಲಿಲ್ಲ.

ವಾಪಸ್ ಬರುವಾಗ ಊರ ಹೊರಗಿನ ಚಹಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದೆ.

"ಮೋಟಾರಿಂದ ಸುಟ್ಟ ವಾಸನಿ ಬಂತಂದ್ರ ನೀ ಮೊದಲ ಏನ್ ಮಾಡ್ತಿ?"

"ಲೈನ್ ಬಂದ್ ಮಾಡ್ತೇನಿ. ಅದೇನ್ ಕೇಳೂದು?"

"ಅಕ್ಕನ ಕಾಲಿಂದ ವಾಸನಿ ಬರಾಕತ್ತೈತಿ. ಉಂಡಿ ಬಂದ್ ಮಾಡು. ನಾಳೇನ ಡಾಕ್ಟರ್‌ಗೆ ತೋರಸು."

ಅವನ ಮುಖ ಕೆಂಪಗಾಯಿತು. "ನೀ ಡಾಕ್ಟರ್ ಏನಲೇ?"

"ಅಲ್ಲ. ನಾ ಭಾಂಡೆ ಮಾರಾಂವ, ನೀ ಮೋಟಾರ್ ಕಟ್ಟಾಂವ. ಇಬ್ಬರೂ ಡಾಕ್ಟರ್ ಅಲ್ಲ, ಅದಕ್ಕ ಹೇಳಾಕತ್ತೇನಿ."

ಅವನು ಚಹಾ ಮುಟ್ಟಲಿಲ್ಲ. ಮರುದಿನ ಬೆಳಗ್ಗೆ ಗುಂಪಿನಲ್ಲಿ ಆರೋಗ್ಯವಾಣಿ ಬರಲಿಲ್ಲ. ಅದನ್ನು ಓದಿ ನಗುತ್ತಿದ್ದವರೇ "ಯಾಕ್ರಿ, ಆರಾಮ ಇಲ್ಲೇನು?" ಎಂದು ಒಬ್ಬೊಬ್ಬರೇ ಬಂದು ನನ್ನನ್ನು ಕೇಳಿದರು. ಪಕ್ಕದ ಶಟರ್ ಮುಚ್ಚೇ ಇತ್ತು. ಗಿರಾಕಿ ಅನ್ನ ಮಾಡುವ ತಪೇಲಿ ಕೇಳಿದರೆ ನಾನು ಹಿಟ್ಟು ನಾದುವ ಪರಾತ ಕೊಟ್ಟೆ.

ಮಧ್ಯಾಹ್ನ ಅವನೇ ಫೋನ್ ಮಾಡಿದ. "ಅಕ್ಕನ್ನ ಕರಕೊಂಡು ದವಾಖಾನಿ ಗೇಟಿಗೆ ಬಂದೇನಿ. ನೀನೂ ಬಾ. ಒಳಗ ಹೋಗಾಕ ಕಾಲ ಬರವಲ್ಲವು."

ಹೋದೆ. ಅಕ್ಕನನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಅವನು ಹಿಡಿದುಕೊಂಡು ಒಳಗೆ ನಡೆದೆವು. ಯಾರಿಗೆ ಯಾರು ಆಸರೆಯಾಗಿದ್ದರೋ ನನಗೆ ಗೊತ್ತಾಗಲಿಲ್ಲ. ಡಾಕ್ಟರು ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚಿ ಬಹಳ ಹೊತ್ತು ನೋಡಿದರು. ಬೆರಳು ಉಳಿಯುವುದು ಕಷ್ಟ, ಕಾಲನ್ನು ಉಳಿಸಲು ನೋಡೋಣ ಎಂದರು. ಆಮೇಲೆ ಕೇಳಿದರು: "ಸಕ್ಕರಿ ಗುಳಿಗಿ ತಗೋಳಾಕತ್ತೀರಿಲ್ಲ?"

"ಮರತ ಬಿಟ್ಟೀನ್ರಿ ಸಾಹೇಬ್ರ," ಅಂದಳು ಅಕ್ಕ. "ವಯಸ್ಸಾತು ನೋಡ್ರಿ, ನೆಪ್ಪ ಇರೂದಿಲ್ಲ."

ಓಣಿಯ ಮಕ್ಕಳ ಹುಟ್ಟಿದ ತಿಥಿಯನ್ನೆಲ್ಲ ಬಾಯಲ್ಲೇ ಹೇಳುವ ಹೆಂಗಸು! ಡಾಕ್ಟರು ಬರೆಯತೊಡಗಿದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ.

"ಇಲ್ರಿ," ಅಂದ ನನ್ನ ಗೆಳೆಯ. "ಅಕಿ ಮರತಿಲ್ರಿ. ನಾ ಬಿಡಸೀನಿ. ಬೆಲ್ಲದ ಉಂಡಿ ಕೊಟ್ಟು ನಾನ ಬಿಡಸೀನ್ರಿ."

ಡಾಕ್ಟರು ತಲೆಯೆತ್ತಿದರು. ಬೈಯಲು ಬಾಯಿ ತೆರೆದದ್ದು ನನಗೆ ಕಂಡಿತು. ಅಷ್ಟರಲ್ಲಿ ಅಕ್ಕ ಕೈ ಅಡ್ಡ ಮಾಡಿದಳು.

"ಅವಂಗೇನೂ ಅನಬ್ಯಾಡ್ರಿ. ನಮ್ಮವ್ವ ಹೋದಾಗಿಂದ, ನಾನೂ ಎಲ್ಲಿ ಸತ್ತ ಹೋಗ್ತೇನೋ ಅಂತ ಅವಂಗ ಹೆದರಿಕಿ. ಏನ್ ಸಿಕ್ಕರೂ ತಂದು ನನ್ನ ಬಾಯಾಗ ಇಡ್ತಾನ."

ಅರವತ್ತರ ಹತ್ತಿರ ಬಂದ ನನ್ನ ಗೆಳೆಯ ತಾನೇ ಬಿಚ್ಚಿಟ್ಟಿದ್ದ ಅಕ್ಕನ ಚಪ್ಪಲಿಗಳನ್ನು ಎದೆಗೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತ.